ಹಳದಿ ಸೇವಂತಿಗೆಯೂ ವ್ರತದ ಫಲವೂ

ಆಚರಿಸಿ ಮುಗಿಸಿದ ವ್ರತಕ್ಕೂ ಅದರ ಬೆನ್ನಿಗೇ ಕಣ್ಣಿಗೆ ಬಿದ್ದ ಅಪೂರ್ವ ಸಂಗತಿಗೂ ಕಾರ್ಯಕಾರಣಸಂಬಂಧವನ್ನು ಕಲ್ಪಿಸುವುದು ಶ್ರಾವಕರಿಗೆ ಉಚಿತವೇ? ಶಾಸ್ತ್ರಸಭೆಯಲ್ಲಿ ಈ ಪ್ರಶ್ನೆಯನ್ನು ಕೇಳಿದರೆ ಉಚಿತವಲ್ಲವೆಂದು ಎಲ್ಲರೂ ಒಪ್ಪುತ್ತಾರೆ. ಮನೆಯ ಹಿತ್ತಲಿನಲ್ಲಿ ನಿಂತು ಕೇಳಿದರೆ ಉತ್ತರವು ಅಷ್ಟು ಬೇಗ ಬರುವುದಿಲ್ಲ. ಅದು ಹಿತ್ತಲಿನಲ್ಲಿಯೇ ಎದುರಾದ ಒಂದು ಪ್ರಸಂಗವನ್ನು ಆಧಾರವಾಗಿಟ್ಟುಕೊಂಡು ಇಲ್ಲಿ ಕೊಂಚ ವಿಚಾರಿಸಬೇಕೆಂದಿದ್ದೇನೆ.

ಬೆಳಗಾವಿಯಿಂದ ಬಾಗಲಕೋಟೆಗೆ ಹೋಗುವ ದಾರಿಯಲ್ಲಿರುವ ನಮ್ಮ ಯರಗಟ್ಟಿ ಬಹುಕಾಲ ಸವದತ್ತಿ ತಾಲ್ಲೂಕಿಗೆ ಸೇರಿದ್ದ ಊರು. ಆ ಸವದತ್ತಿಯ ಪ್ರಾಚೀನ ನಾಮ ಸುಗಂಧವರ್ತಿ. ರಟ್ಟರ ಕಾಲದ ಶಾಸನಗಳಲ್ಲಿ ಅಲ್ಲಿಯ ಜಿನಾಲಯಕ್ಕೆ ಬಿಟ್ಟ ದತ್ತಿಗಳ ಉಲ್ಲೇಖವಿದೆ. ಹೂವಿನ ವಿಷಯವನ್ನು ಬರೆಯುವಾಗ ಈ ಹೆಸರು ನೆನಪಾಗದೆ ಇರದು. ನಮ್ಮ ಎರೆಮಣ್ಣಿನ ಸೀಮೆಯಲ್ಲಿ ಹಗಲು ಕುಗ್ಗಿ ಇರುಳು ಹಿಗ್ಗುವ ಕಾರ್ತಿಕಕ್ಕೆ ಸೇವಂತಿಗೆ ಅರಳುತ್ತದೆ. ಇರುಳಿನ ದೀರ್ಘತೆಯನ್ನು ಗಿಡದ ಎಲೆಗಳೇ ಅಳೆದು ಮೊಗ್ಗನ್ನು ಹೊರಡಿಸುತ್ತವೆಂದು ಸಸ್ಯಶಾಸ್ತ್ರಜ್ಞರು ತೋರಿಸಿದ್ದಾರೆ. ರಾತ್ರಿ ಉರಿಯುವ ಬೀದಿದೀಪದ ಕೆಳಗೆ ಬೆಳೆದ ಸೇವಂತಿಗೆ ತಡವಾಗಿ ಹೂ ಬಿಡುವುದಕ್ಕೆ ಇದೇ ಕಾರಣ.

ಕಳೆದ ಕಾರ್ತಿಕದಲ್ಲಿ ಊರಿನ ಒಂದು ಶ್ರಾವಕರ ಮನೆಯಲ್ಲಿ ಅತ್ತೆಯವರು ಅಷ್ಟಾಹ್ನಿಕದ ಮೊದಲ ಏಳು ದಿನ ಏಕಾಶನವನ್ನು ನಡೆಸಿ ಹುಣ್ಣಿಮೆಯಂದು ಉಪವಾಸವಿದ್ದರು. ಮರುದಿನ ಪಾರಣೆಯ ಹೊತ್ತಿಗೆ, ಹಿತ್ತಲಿನ ಬಿಳಿಯ ಸೇವಂತಿಗೆಯ ಗಿಡಗಳಲ್ಲಿ ಒಂದರ ಒಂದೇ ಕೊಂಬೆಯಲ್ಲಿ ಮೂರು ಹೂಗಳು ಅಪ್ಪಟ ಹಳದಿಯಾಗಿ ಅರಳಿದ್ದವು. ಅದೇ ಗಿಡದ ಉಳಿದ ಹೂಗಳೆಲ್ಲ ಹಾಲಿನಂತೆ ಬಿಳಿ. ಹೊತ್ತು ಏರುವುದರೊಳಗೆ ಓಣಿಯ ಹೆಂಗಳೆಯರೆಲ್ಲ ಬಂದು ನೋಡಿ, ಕೈಮುಗಿದು, "ಅಕ್ಕಾರ ಉಪವಾಸ ಕಣ್ಣಿಗೆ ಕಾಣೂಹಂಗ ಫಲಾ ಕೊಟ್ಟೈತಿ" ಎಂದರು. ಇಲ್ಲಿಯವರೆಗೆ ಯಾರಿಗೂ ನೋವಿಲ್ಲದ ಮಾತು. ಆದರೆ ಅದೇ ಮನೆಯ ಸೊಸೆಯೂ ಅದೇ ವ್ರತವನ್ನು ಹಿಡಿದಿದ್ದಳು. ಐದು ತಿಂಗಳ ಗರ್ಭಿಣಿಯಾದ ಆಕೆಗೆ ಮೂರನೆಯ ದಿನ ತಲೆಸುತ್ತು ಬಂದು, ವೈದ್ಯರ ಮಾತಿನಂತೆ ಅತ್ತೆಯವರೇ ಮುಂದಾಗಿ ಬಿಡಿಸಿದ್ದರು. ಬಂದವರಲ್ಲಿ ಹಿರಿಯರೊಬ್ಬರು, ಕೆಟ್ಟ ಮನಸ್ಸಿನಿಂದಲ್ಲ, ಸುಮ್ಮನೆ ಆಡಿದ ಮಾತೊಂದು ಆಕೆಯ ಕಿವಿಗೆ ಬಿತ್ತು: "ಪೂರಾ ಮಾಡಿದವರಿಗೆ ಹೂವು ಬಂತು, ನಡಕ ಬಿಟ್ಟವರಿಗೆ ಏನ್ ಬರತೈತೋ." ಸಂಜೆ ಅತ್ತೆಯವರು ನನ್ನನ್ನು ಕರೆಸಿ, "ಮಾಸ್ತರ, ಇದು ಖರೇನ ವ್ರತದ ಫಲಾ ಏನ್ರಿ? ಹುಡುಗಿ ಮುಂಜಾನಿಂದ ಅಳಾಕತ್ತಾಳ" ಎಂದು ಕೇಳಿದರು.

ಮೊದಲು ಹೂವಿನ ವಿಷಯ. ಒಂದು ಗಿಡದ ಒಂದೇ ಕೊಂಬೆ ಬೇರೆ ಬಣ್ಣದ, ಬೇರೆ ಆಕಾರದ ಹೂವನ್ನು ಬಿಡುವುದು ಅಪರೂಪವೇ ಹೊರತು ಅಘಟಿತವಲ್ಲ. ಆಂಗ್ಲ ವಿದ್ವಾಂಸ ಡಾರ್ವಿನ್ 1868ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಂತಹ ಮೊಗ್ಗಿನ ಮಾರ್ಪಾಡುಗಳಿಗಾಗಿಯೇ ಒಂದು ಅಧ್ಯಾಯವನ್ನು ಮೀಸಲಿಟ್ಟು, ಅದರಲ್ಲಿ ಸೇವಂತಿಗೆಯನ್ನೂ ಹೆಸರಿಸಿದ್ದಾನೆ. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ದ್ರಾಕ್ಷಿಯ ತೋಟವುಳ್ಳ ನಮ್ಮ ಸಮಾಜದ ಅನೇಕ ಕುಟುಂಬಗಳಿಗೆ 'ಸೋನಾಕಾ' ಎಂಬ ಉದ್ದಕಾಯಿಯ ತಳಿ ಚಿರಪರಿಚಿತ. ಸೊಲ್ಲಾಪುರ ಜಿಲ್ಲೆಯ ನಾನ್ನಜದ ನಾನಾಸಾಹೇಬ ಕಾಳೆಯವರೆಂಬ ರೈತರು ಥಾಮ್ಸನ್ ಬಳ್ಳಿಯಲ್ಲಿ ಭಿನ್ನವಾಗಿ ಕಂಡ ಕೊಂಬೆಯನ್ನು ಗುರುತಿಸಿ, ಅದರಿಂದಲೇ ಈ ತಳಿಯನ್ನು ಬೆಳೆಸಿದರು. ಬಳ್ಳಿಯಲ್ಲಿ ಬೇರೆಯಾದುದನ್ನು ಕಂಡಾಗ ಕೈಮುಗಿಯುವವರೂ ಇದ್ದಾರೆ, ಕತ್ತರಿಸಿ ನೆಡುವವರೂ ಇದ್ದಾರೆ.

ಬಿಳಿಯು ಹಳದಿಯಾದುದು ಹೇಗೆಂಬುದೂ ಈಗ ಗೂಢವಾಗಿ ಉಳಿದಿಲ್ಲ. ಜಪಾನಿನ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಪರೀಕ್ಷೆಗಳಿಂದ ಒಂದು ಸ್ವಾರಸ್ಯವಾದ ಸಂಗತಿ ಹೊರಬಿದ್ದಿತು. ಬಿಳಿಯ ಸೇವಂತಿಗೆಯ ಎಸಳಿನಲ್ಲಿ ಹಳದಿಯ ವರ್ಣದ್ರವ್ಯವು ಉತ್ಪನ್ನವಾಗುವುದೇ ಇಲ್ಲವೆಂದಲ್ಲ. ಉತ್ಪನ್ನವಾದದ್ದನ್ನು ಒಂದು ಕಿಣ್ವವು ಆಗಿಂದಾಗ ಒಡೆದುಹಾಕುತ್ತಿರುತ್ತದೆ. ಆ ಕಿಣ್ವವನ್ನು ನಿರ್ಮಿಸುವ ವಂಶವಾಹಿಯು ಕೊಂಬೆಯ ಎಳೆಯ ತುದಿಯ ಕೋಶಗಳಲ್ಲಿ ಲೋಪವಾದರೆ, ಒಡೆಯುವವನಿಲ್ಲದೆ ಹಳದಿಯು ಉಳಿದು ಕಣ್ಣಿಗೆ ಬೀಳುತ್ತದೆ. ಅಂದರೆ ಹೊಸದೇನೂ ಬಂದು ಸೇರಲಿಲ್ಲ; ಇದ್ದುದನ್ನು ಇಲ್ಲವಾಗಿಸುತ್ತಿದ್ದುದು ತಪ್ಪಿತು. ಇದನ್ನು ಓದಿದಾಗ ಜ್ಞಾನಾವರಣದ ನೆನಪಾಗುವುದು ನಮ್ಮವರಿಗೆ ಸಹಜ. ನೆನಪಾಗಲಿ, ಅಲ್ಲಿಗೇ ನಿಲ್ಲಲಿ. ವಂಶವಾಹಿಯೇ ಕರ್ಮ, ವಿಜ್ಞಾನವೂ ನಮ್ಮದನ್ನೇ ಹೇಳುತ್ತದೆ ಎಂದು ಬರೆಯುವ ಲೇಖನಗಳನ್ನು ನಾನು ಬಹಳ ಓದಿದ್ದೇನೆ. ಅವುಗಳಿಂದ ಸಿದ್ಧಾಂತಕ್ಕೂ ಲಾಭವಿಲ್ಲ, ವಿಜ್ಞಾನಕ್ಕೂ ಇಲ್ಲ.

ಸಂಗತಿಯನ್ನು ತನ್ನ ನಂಬಿಕೆಗೆ ಹೊಂದಿಸಲು ಹೆಣಗುವುದು ಓಣಿಯ ಜನರ ದೌರ್ಬಲ್ಯ ಮಾತ್ರವಲ್ಲ. ಸ್ವೀಡನ್ ದೇಶದ ಲಿನೇಯಸ್ ಪಂಡಿತನ ಮುಂದೆ, ಪರಿಚಿತ ಸಸ್ಯವೊಂದು ವಿಪರೀತ ಆಕಾರದ ಹೂ ಬಿಟ್ಟದ್ದನ್ನು ತಂದಿಟ್ಟಾಗ, ಸಸ್ಯಜಾತಿಗಳು ಸೃಷ್ಟಿಕಾಲದಿಂದ ಬದಲಾಗದೆ ನಿಂತಿವೆ ಎಂದು ನಂಬಿದ್ದ ಆತನು ದಿಗ್ಭ್ರಾಂತನಾಗಿ, 1744ರ ಪ್ರಬಂಧದಲ್ಲಿ ಅದಕ್ಕೆ ಗ್ರೀಕ್ ಭಾಷೆಯಲ್ಲಿ ವಿಕಾರರೂಪವೆಂಬ ಅರ್ಥದ ಹೆಸರನ್ನು ಕೊಟ್ಟನು. ಉತ್ಪಾದ, ವ್ಯಯ, ಧ್ರೌವ್ಯ ಈ ಮೂರೂ ಕೂಡಿಯೇ ಸತ್ತೆಂದು ಬಾಲ್ಯದಿಂದ ಪಾಠ ಹೇಳಿಸಿಕೊಂಡವರಿಗೆ ಪರ್ಯಾಯವು ಬದಲಾದುದರಿಂದ ಗಾಬರಿಯಾಗಬೇಕಾಗಿಲ್ಲ. ನಮ್ಮ ತೊಡಕು ಬೇರೆಯದು: ನಾವು ಗಾಬರಿಯಾಗುವುದಿಲ್ಲ, ಆ ಬದಲಾವಣೆಯನ್ನು ನಮ್ಮ ಲೆಕ್ಕಕ್ಕೆ ಜಮಾ ಮಾಡಿಕೊಳ್ಳುತ್ತೇವೆ.

ಆ ಜಮಾಖರ್ಚನ್ನು ನಮ್ಮ ಶಾಸ್ತ್ರವೇ ಒಪ್ಪುವುದಿಲ್ಲ. ಶರೀರದ ವರ್ಣವು ನಾಮಕರ್ಮದ ಪ್ರಕೃತಿಗಳಲ್ಲಿ ಒಂದು. ಕಪ್ಪು, ನೀಲ, ಕೆಂಪು, ಹಳದಿ, ಬಿಳಿ ಎಂದು ಅದರ ಭೇದಗಳನ್ನೂ ಎಣಿಸಿದ್ದಾರೆ. ಆದರೆ ಆ ನಾಮಕರ್ಮವು ಆಯಾ ಶರೀರವನ್ನು ಧರಿಸಿದ ಜೀವದ್ದು. ಸೇವಂತಿಗೆಯ ಜೀವವು ಏಕೇಂದ್ರಿಯವಾದರೂ ತನ್ನ ಕರ್ಮದ ಭೋಕ್ತೃ ತಾನೇ ಆಗಿದೆ. ಅತ್ತೆಯವರು ಮಾಡಿದ ನಿರ್ಜರೆ ಅತ್ತೆಯವರದು. ಅದು ಗಿಡದ ಮೈಗೆ ಬಣ್ಣವನ್ನು ಬಳಿಯಲಾರದು. ಒಬ್ಬರ ತಪಸ್ಸಿನಿಂದ ಇನ್ನೊಂದು ಜೀವದ ಶರೀರವು ಮಾರ್ಪಡುವುದಾದರೆ ಕರ್ಮಸಿದ್ಧಾಂತದ ಬುಡವೇ ಅಲುಗಾಡುತ್ತದೆ. ಪುಣ್ಯೋದಯದಿಂದ ಇಷ್ಟವಸ್ತುವಿನ ಸಂಯೋಗ ಒದಗಿತೆಂದು ಕೆಲವರು ವಾದಿಸಬಹುದು. ಅವರಿಗೆ ತೋಟದ ಉತ್ತರವೊಂದಿದೆ. ಸೇವಂತಿಗೆಯ ಮೊಗ್ಗು ಮೂಡಿ ಅರಳುವುದಕ್ಕೆ ಹಲವು ವಾರಗಳು ಹಿಡಿಯುತ್ತವೆ. ಆ ಕೊಂಬೆಯ ತುದಿಯಲ್ಲಿ ಬದಲಾವಣೆಯು ನಡೆದದ್ದು ಅದಕ್ಕೂ ಮೊದಲು. ಅತ್ತೆಯವರು ಅಷ್ಟಮಿಯಂದು ಸಂಕಲ್ಪ ಮಾಡುವಾಗಲೇ ಆ ಹೂಗಳ ಹಳದಿಯು ನಿಶ್ಚಯವಾಗಿ ಹೋಗಿತ್ತು.

ಇನ್ನು ವ್ರತದ ವಿಷಯ. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಅನಶನವನ್ನು ವಿವರಿಸುವಾಗ ಎಲ್ಲಕ್ಕಿಂತ ಮೊದಲು ಹೇಳುವ ಮಾತು, ಅದು ಕಣ್ಣಿಗೆ ಕಾಣುವ ಫಲವನ್ನು ಅಪೇಕ್ಷಿಸದೆ ಮಾಡತಕ್ಕದ್ದು ಎಂಬುದು. ಸಂಯಮಸಿದ್ಧಿ, ರಾಗಚ್ಛೇದ, ಕರ್ಮನಾಶ, ಧ್ಯಾನಾಗಮಗಳ ಪ್ರಾಪ್ತಿ ಇವೆಲ್ಲ ಅದರ ನಂತರ ಬರುತ್ತವೆ. ಅತ್ತೆಯವರು ಹೂವನ್ನು ಬಯಸಿ ಉಪವಾಸ ಮಾಡಲಿಲ್ಲ, ಆದ್ದರಿಂದ ನಿದಾನಶಲ್ಯದ ದೋಷ ಅವರಿಗೆ ತಗಲಲಿಲ್ಲ ಎಂಬುದು ನಿಜ. ಆದರೆ ಇದು ಫಲವೆಂದು ಒಮ್ಮೆ ಒಪ್ಪಿಕೊಂಡರೆ ಮುಂದಿನ ಕಾರ್ತಿಕದ ಉಪವಾಸವು ಹೇಗೆ ನಡೆದೀತು? ಕಣ್ಣು ಜಿನಬಿಂಬದ ಮೇಲೆ, ಮನಸ್ಸು ಹಿತ್ತಲಿನ ಗಿಡದ ಮೇಲೆ. ಅಂದಿನಿಂದ ಶಲ್ಯವು ಒಳಹೊಕ್ಕಿತೆಂದೇ ತಿಳಿಯಬೇಕು.

ಇದಕ್ಕಿಂತ ದೊಡ್ಡ ಕೇಡು ಸೊಸೆಯ ಕಡೆಗಿದೆ. ಹೂವು ಒಬ್ಬರ ಪಾಲಿಗೆ ಸಾಕ್ಷಿಯಾದರೆ ಇನ್ನೊಬ್ಬರ ವಿರುದ್ಧ ಸಾಕ್ಷಿಯಾಗದೆ ಇರಲಾರದು. ಪೂರೈಸಿದವರಿಗೆ ಬಹುಮಾನವೆಂದ ಮೇಲೆ ಬಿಟ್ಟವರಿಗೆ ದಂಡನೆಯನ್ನೂ ಹುಡುಕಲೇಬೇಕಾಗುತ್ತದೆ. ಗರ್ಭಿಣಿಯಾದವಳ ಮನೆಯಲ್ಲಿ ಆ ಹುಡುಕಾಟವು ಎಲ್ಲಿಗೆ ಹೋಗಿ ಮುಟ್ಟುವುದೆಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಾಳೆ ಹೆರಿಗೆಯಲ್ಲಿ ಒಂದು ಸಣ್ಣ ತೊಡಕಾದರೂ ಓಣಿಯವರು ಕಾರ್ತಿಕವನ್ನು ನೆನೆಯುತ್ತಾರೆ, ಅವರಿಗಿಂತ ಮೊದಲು ಆಕೆಯೇ ನೆನೆಯುತ್ತಾಳೆ. ಷೋಡಶಕಾರಣ ಭಾವನೆಗಳಲ್ಲಿ ತಪಸ್ಸನ್ನು ಬರಿಯ ತಪಸ್ಸೆಂದು ಹೇಳದೆ, ಶಕ್ತಿಗೆ ತಕ್ಕ ತಪಸ್ಸೆಂದು ಹೇಳಿರುವುದು ಏತಕ್ಕೆ? ತೀರ್ಥಂಕರತ್ವಕ್ಕೆ ಕಾರಣವಾಗುವ ಭಾವನೆಗಳ ನಡುವೆಯೇ ಶಕ್ತಿಯ ಮಿತಿಯನ್ನು ನೆನಪಿಸಿದ್ದಾರೆ. ಶಕ್ತಿಯನ್ನು ಬಚ್ಚಿಡುವುದು ಹೇಗೆ ದೋಷವೋ ಮೀರುವುದೂ ಹಾಗೆಯೇ. ಹೊಟ್ಟೆಯಲ್ಲಿರುವ ಜೀವಕ್ಕಾಗಿ ಮೂರನೆಯ ದಿನ ಉಂಡವಳು ಏಕಾಶನವನ್ನು ಬಿಟ್ಟಳು, ದಯೆಯನ್ನು ಬಿಡಲಿಲ್ಲ. ಇದನ್ನು ಅತ್ತೆಯವರ ಎದುರಿಗೇ ಆಕೆಗೆ ಹೇಳಿದೆ. ಅತ್ತೆಯವರು ನನಗಿಂತ ಮೊದಲೇ ತಲೆದೂಗಿದರೆಂಬುದನ್ನು ಹೇಳದಿದ್ದರೆ ಅವರಿಗೆ ಅನ್ಯಾಯವಾದೀತು.

ಆಗ ಮನೆಯ ಯಜಮಾನರು ಎತ್ತಿದ ಆಕ್ಷೇಪವು ವಿಚಾರಾರ್ಹವಾಗಿತ್ತು: ಹಾಗಾದರೆ ಅಷ್ಟಮಹಾಪ್ರಾತಿಹಾರ್ಯಗಳ ಗತಿ ಏನು? ಅಶೋಕವೃಕ್ಷ, ಪುಷ್ಪವೃಷ್ಟಿ ಇವನ್ನೆಲ್ಲ ಪೂಜೆಯಲ್ಲಿ ನಿತ್ಯವೂ ಹೇಳುತ್ತೇವಲ್ಲ, ಅವೂ ಮನಸ್ಸಿನ ಕಲ್ಪನೆಗಳೇ? ಇಂತಹ ಪ್ರಶ್ನೆಯನ್ನು ನಾಸ್ತಿಕ್ಯವೆಂದು ತಳ್ಳಿಹಾಕುವ ಪಂಡಿತರನ್ನು ನಾನು ಒಪ್ಪಲಾರೆ. ಸಮಂತಭದ್ರಾಚಾರ್ಯರು ಆಪ್ತಮೀಮಾಂಸೆಯನ್ನು ಆರಂಭಿಸುವುದೇ ಈ ಎಡೆಯಿಂದ. ದೇವತೆಗಳ ಆಗಮನ, ಆಕಾಶಗಮನ, ಚಾಮರಾದಿ ವೈಭವಗಳು ಮಾಯಾವಿಗಳಲ್ಲಿಯೂ ಕಂಡುಬರುತ್ತವೆ. ಅಷ್ಟರಿಂದಲೇ ನೀನು ನಮಗೆ ಮಹಾತ್ಮನಲ್ಲ ಎಂದು ಅವರು ಸಾಕ್ಷಾತ್ ಭಗವಂತನ ಎದುರಿಗೇ ನಿಂತು ನುಡಿಯುತ್ತಾರೆ. ದೋಷಗಳೂ ಆವರಣಗಳೂ ಕ್ಷಯವಾದುವೇ, ವಚನವು ಯುಕ್ತಿಶಾಸ್ತ್ರಗಳಿಗೆ ಅವಿರುದ್ಧವೇ ಎಂಬುದರ ಮೇಲೆ ಅವರ ನಿರ್ಣಯವು ನಿಂತಿದೆ. ಪ್ರಾತಿಹಾರ್ಯಗಳನ್ನು ಅವರು ನಿಷೇಧಿಸಲಿಲ್ಲ, ಪ್ರಮಾಣದ ಪೀಠದ ಮೇಲೆ ಕೂರಿಸಲಿಲ್ಲ. ಅರಹಂತನ ಮಹತ್ತ್ವವೇ ಪುಷ್ಪವೃಷ್ಟಿಯನ್ನು ಅವಲಂಬಿಸದಿರುವಾಗ, ಯರಗಟ್ಟಿಯ ಒಬ್ಬ ಶ್ರಾವಿಕೆಯ ಏಕಾಶನವು ಮೂರು ಸೇವಂತಿಗೆಗಳನ್ನು ಏಕೆ ಅವಲಂಬಿಸಬೇಕು?

ಹೂಗಳನ್ನು ಏನು ಮಾಡಬೇಕೆಂಬುದು ಕೊನೆಯ ಪ್ರಶ್ನೆ. ಪೂಜೆಗೆ ಹೂ ಏರಿಸುವ ಪದ್ಧತಿ ನಮ್ಮ ಕಡೆ ಇದೆ. ಉತ್ತರದ ತೇರಾಪಂಥದವರು ಸಚಿತ್ತವೆಂದು ಅದನ್ನು ಬಿಟ್ಟು ಕೇಸರಿ ಹಚ್ಚಿದ ಅಕ್ಕಿಯನ್ನು ಏರಿಸುತ್ತಾರೆ. ಆ ಚರ್ಚೆ ಇಲ್ಲಿ ಬೇಡ. ಹೂ ಏರಿಸುವ ಮನೆಯಾದರೆ ಬಿಳಿಯದಕ್ಕೆ ಇಲ್ಲದ ವಿಶೇಷವು ಹಳದಿಗೂ ಬೇಡ, ಬಿಡಿಸದೆ ಕಾಯ್ದಿಡುವ ನಿಯಮವೂ ಬೇಡ ಎಂದೆ. ಸೊಸೆಯು ಮಾತ್ರ, ಈ ಬಣ್ಣವು ಮುಂದಿನ ವರ್ಷವೂ ಬರುವಂತೆ ಮಾಡಬಹುದೇ ಎಂದು ಕೇಳಿದಳು. ವನಸ್ಪತಿಗಳು ಮೂಲ, ಅಗ್ರ, ಪರ್ವ, ಕಂದ, ಸ್ಕಂಧ, ಬೀಜಗಳಿಂದ ಹುಟ್ಟುವ ಬಗೆಯನ್ನು ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದಲ್ಲಿ ಬಿಡಿಬಿಡಿಯಾಗಿ ಹೇಳಿದ್ದಾರೆ; ಇಲ್ಲಿ ಆ ಭೇದವು ಪ್ರಯೋಜನಕ್ಕೆ ಬರುತ್ತದೆ. ಸೇವಂತಿಗೆಯನ್ನು ನಾವು ಬುಡದ ಮರಿಗಳಿಂದ ಬೆಳೆಸುವುದು ರೂಢಿ. ಆದರೆ ಬದಲಾವಣೆಯು ಆದದ್ದು ಬುಡದಲ್ಲಲ್ಲ, ಮೇಲಿನ ಒಂದು ಕೊಂಬೆಯಲ್ಲಿ. ಆದ್ದರಿಂದ ಹೂವಿನ ಕಾಲ ಮುಗಿದ ಮೇಲೆ ಅದೇ ಕೊಂಬೆಯಲ್ಲಿ ಹೊರಡುವ ಎಳೆಯ ಚಿಗುರನ್ನು ಮೂರು ಬೆರಳುದ್ದ ಕತ್ತರಿಸಿ, ಕೆಳಗಿನ ಎಲೆಗಳನ್ನು ತೆಗೆದು, ನೆರಳಿನಲ್ಲಿ ತೇವದ ಮರಳಿಗೆ ಊರಿದರೆ ಎರಡು ಮೂರು ವಾರಗಳಲ್ಲಿ ಬೇರು ಬಿಟ್ಟೀತು. ಬುಡದ ಮರಿಗಳು ಬರುವ ಕಾರ್ತಿಕದಲ್ಲಿ ಬಿಳಿಯ ಹೂಗಳನ್ನೇ ಬಿಡುತ್ತವೆ. ಆಗ ಅತ್ತೆಯವರ ವ್ರತದ ಬಲ ಕುಂದಿತೆಂದು ಓಣಿಯಲ್ಲಿ ಮಾತು ಹುಟ್ಟದಿರಲೆಂದು ಇದನ್ನು ಈಗಲೇ ಬರೆದಿಡುತ್ತಿದ್ದೇನೆ.