ಪಿಟೀಲಿನೊಳಗಣ ಪ್ರಾಣ



ಕಾಯಕವೆಂದೊಡನೆ ನಮ್ಮ ಮನಸ್ಸು ನೇಗಿಲು ಮಗ್ಗಗಳ ಕಡೆಗೆ ಹರಿಯುವುದು ಸಹಜ. ಇಂದು ದೂರದ ಇಟಲಿಯ ಕ್ರೆಮೋನಾ ಪಟ್ಟಣದ ಒಂದು ಕಾಯಕವನ್ನು ಕುರಿತು ಎರಡು ಮಾತು ಹೇಳಬೇಕೆಂದಿದ್ದೇನೆ. 16ನೆಯ ಶತಮಾನದ ಆಂಡ್ರಿಯಾ ಅಮಾಟಿಯ ಕಾಲದಿಂದ ಅಲ್ಲಿ ಪಿಟೀಲು ಮಾಡುವ ವಿದ್ಯೆ ಬೆಳೆದುಬಂದಿದೆ. 1737ರಲ್ಲಿ ತೀರಿಕೊಂಡ ಆಂಟೋನಿಯೊ ಸ್ಟ್ರಾಡಿವಾರಿಯ ಹೆಸರು ಲೋಕಕ್ಕೆಲ್ಲ ತಿಳಿದುದೇ. ಇಂದಿಗೂ ಅಲ್ಲಿಯ ಕುಶಲಿಗಳು ತಂತಮ್ಮ ಸಣ್ಣ ಕೋಣೆಗಳಲ್ಲಿ ಕುಳಿತು, 70ಕ್ಕೂ ಹೆಚ್ಚು ಮರದ ತುಂಡುಗಳನ್ನು ಕೈಯಿಂದಲೇ ಜೋಡಿಸಿ, ವರ್ಷಕ್ಕೆ 3ರಿಂದ 6 ವಾದ್ಯಗಳನ್ನಷ್ಟೇ ಮಾಡುವರು. 2012ರಲ್ಲಿ ಯುನೆಸ್ಕೊ ಈ ವಿದ್ಯೆಯನ್ನು ಮಾನವಕುಲದ ಪರಂಪರೆಯೆಂದು ಮನ್ನಿಸಿತು.

ಮೇಲಣ ಹಲಗೆ ಸ್ಪ್ರೂಸ್ ಮರದ್ದು; ಕೆಳಗಣದು ಮೇಪಲ್ ಮರದ್ದು. ಮೇಲಣ ಹಲಗೆಯನ್ನು ಸುಮಾರು 3 ಮಿಲಿಮೀಟರು ಉಳಿಯುವವರೆಗೆ ಕೀಸುತ್ತಾರೆ. ಕೀಸುವುದು, ಬೆರಳಿನಿಂದ ತಟ್ಟುವುದು, ಕಿವಿಗೊಡುವುದು; ಮತ್ತೆ ಕೀಸುವುದು. ದಪ್ಪವಾದರೆ ನಾದ ಮಂಕಾಗುವುದು, ತೆಳುವಾದರೆ ಬಲ ಕುಂದುವುದು. ಕೀಸಿಹೋದ ಮರ ಮರಳಿ ಬಾರದು.

ಅಂಟಿನ ವಿಚಾರವನ್ನು ನೋಡಿರಿ. ತೊಗಲನ್ನು ಕುದಿಸಿ ತೆಗೆದ ಅಂಟನ್ನೇ ಅವರು ಬಳಸುವರು. ಅದಕ್ಕಿಂತ ಗಟ್ಟಿಯಾದ ಅಂಟುಗಳು ಇಲ್ಲವೆಂದಲ್ಲ. ಹವೆ ಬದಲಾದಾಗ ಮರ ಹಿಗ್ಗುತ್ತದೆ, ಕುಗ್ಗುತ್ತದೆ. ಆಗ ಹಲಗೆ ಸೀಳುವ ಬದಲು ಬೆಸುಗೆಯೇ ಬಿಡಲಿ, ಮತ್ತೊಬ್ಬನು ಅದನ್ನು ಬಿಚ್ಚಿ ಸರಿಪಡಿಸಲಿ ಎಂಬುದು ಅವರ ಎಣಿಕೆ. ನಮ್ಮ ಮನೆಗಳ ವ್ಯಾಜ್ಯಗಳಲ್ಲಿ ಹೀಗೆ ಬಿಡಬಲ್ಲ ಬೆಸುಗೆಯಿಲ್ಲದೆ ಮರವೇ ಸೀಳಿಹೋದುದನ್ನು ಯಾರು ಕಂಡಿಲ್ಲ?

ಇನ್ನು ಲಾಂಛನದ ಮಾತು. ಮಾಡಿದವನ ಹೆಸರಿನ ಚೀಟಿ ಪಿಟೀಲಿನ ಒಡಲೊಳಗೆ ಅಂಟಿರುತ್ತದೆ. ಕಾರ್ಖಾನೆಗಳಲ್ಲಿ ರಾಶಿರಾಶಿಯಾಗಿ ತಯಾರಾದ ಎಷ್ಟೋ ಅಗ್ಗದ ವಾದ್ಯಗಳೊಳಗೂ ಸ್ಟ್ರಾಡಿವಾರಿಯ ಹೆಸರಿನ ಚೀಟಿಯುಂಟು! ಚೀಟಿಯಿಂದ ನಾದ ಹುಟ್ಟೀತೆ? 2012ರಲ್ಲಿ ಪ್ಯಾರಿಸ್ಸಿನ ಬಳಿ ಒಂದು ಪರೀಕ್ಷೆ ನಡೆಯಿತು. 10 ಮಂದಿ ಹೆಸರಾಂತ ವಾದಕರಿಗೆ ಕಣ್ಣು ಕಾಣದಂತೆ ಕಪ್ಪು ಕನ್ನಡಕ ತೊಡಿಸಿ, 6 ಹಳೆಯ ಇಟಲಿಯ ಪಿಟೀಲುಗಳನ್ನೂ 6 ಹೊಸವನ್ನೂ ನುಡಿಸಲು ಕೊಟ್ಟರು. ಹಳೆಯದಾವುದು ಹೊಸದಾವುದೆಂದು ಅವರು ನಂಬುವಂತೆ ಹೇಳಲಾರದೆ ಹೋದರು. ಎಲ್ಲಕ್ಕಿಂತ ಹೆಚ್ಚು ಮೆಚ್ಚುಗೆ ಪಡೆದುದು ಹೊಸದೊಂದು ಪಿಟೀಲು. ಕುಲವನ್ನು ಕೇಳಿ ಬೆಲೆ ಕಟ್ಟುವ ಬುದ್ಧಿ ಮನುಷ್ಯರ ವಿಷಯದಲ್ಲಷ್ಟೇ ಅಲ್ಲ, ಮರದ ವಿಷಯದಲ್ಲಿಯೂ ಇದೆಯೆಂದಾಯಿತು.

ಹಾಗಾದರೆ ಆ ಒಡಲಿನಲ್ಲಿ ಮುಖ್ಯವಾದುದು ಯಾವುದು? ಕುದುರೆಯ ಒಂದು ಕಾಲಿನ ಹಿಂದೆ, ಎರಡು ಹಲಗೆಗಳ ನಡುವೆ, ಸುಮಾರು 6 ಮಿಲಿಮೀಟರು ದಪ್ಪದ ಒಂದು ಕಡ್ಡಿ ನಿಂತಿದೆ. ಅದಕ್ಕೆ ಮೊಳೆಯಿಲ್ಲ, ಅಂಟಿಲ್ಲ. ಹಲಗೆಗಳ ಒತ್ತಿನಲ್ಲಿಯೇ ಅದರ ನಿಲವು. ಮೇಲಣ ಹಲಗೆಯ ಕಂಪನವನ್ನು ಕೆಳಗಣ ಹಲಗೆಗೆ ಮುಟ್ಟಿಸುವುದು ಅದೇ. ಅದು ಬಿದ್ದರೆ ನಾದ ಟೊಳ್ಳಾಗುವುದು. ಇಟಲಿಯವರು ಅದನ್ನು ‘ಅನಿಮಾ’ ಎನ್ನುವರು, ಎಂದರೆ ಆತ್ಮ. ನೋಡುವವರಿಗೆ ಅದು ಸುಲಭವಾಗಿ ಕಾಣದು. ನಮ್ಮ ಮೈಸೂರಿನ ಚೌಡಯ್ಯನವರು 7 ತಂತಿಗಳ ಪಿಟೀಲಿನಿಂದ ಸಭೆಯನ್ನು ತಣಿಸಿದಾಗಲೂ ಜನರು ಕೊಂಡಾಡಿದುದು ತಂತಿಗಳನ್ನೇ.

ಪಿಟೀಲು ಮಾಡಿದವನು ಮಾತ್ರ ಆ ಕಡ್ಡಿಯನ್ನು ಮರೆಯುವುದಿಲ್ಲ. ಹಲಗೆಯ ಸೀಳುಗಂಡಿಯಿಂದ ಬಾಗಿದ ಕಬ್ಬಿಣದ ಸಲಾಕೆಯನ್ನು ಇಳಿಸಿ, ಅದನ್ನು ತುಸುವೇ ಸರಿಸುತ್ತಾನೆ. ವಾದಕನು ನುಡಿಸುತ್ತಾನೆ, ಇವನು ಕಿವಿಗೊಡುತ್ತಾನೆ, ಮತ್ತೆ ಕೂದಲೆಳೆಯಷ್ಟು ಸರಿಸುತ್ತಾನೆ.