ಎಂಟು ತುಂಡಿನ ಬಾಗೂರು

ಹೊಸದುರ್ಗ ತಾಲ್ಲೂಕಿನ ಬಾಗೂರಿನಂಥ ಊರಲ್ಲಿ ತೇರಿರಲಿ, ಹುಟ್ಟುಹಬ್ಬವಿರಲಿ, ಫ್ಲೆಕ್ಸ್ ಮೇಲಿನ ಹೆಸರು ಬಂಗಾರದ ಬಣ್ಣದಲ್ಲಿ ಉಬ್ಬಿ ನಿಲ್ಲಲೇಬೇಕು. ಆ ಉಬ್ಬು ಹುಟ್ಟುವುದು ಡಿಟಿಪಿ ಅಂಗಡಿಯ ಕೋರಲ್‌ಡ್ರಾದಲ್ಲಿ. 1989ರಲ್ಲಿ ಬಂದ ಈ ಸಾಫ್ಟ್‌ವೇರ್ ಗೆರೆ ಎಳೆಯುವುದು ಚಪ್ಪಟೆ ಹಾಳೆಯ ಮೇಲೆ. ಎಕ್ಸ್‌ಟ್ರೂಡ್ ಒತ್ತಿದರೆ ಅಕ್ಷರದ ಅಂಚನ್ನು ನಕಲು ಮಾಡಿ, ದೂರದ ಬಿಂದುವೊಂದರ ಕಡೆ ಸರಿಸಿ, ಎರಡು ಅಂಚಿನ ನಡುವೆ ಗೋಡೆ ಎಬ್ಬಿಸುತ್ತದೆ. ಗೋಡೆಗೆ ಕಡುಬಣ್ಣ ತುಂಬಿದರಾಯಿತು, ದಪ್ಪವಿದೆಯೆಂದು ಕಣ್ಣು ಒಪ್ಪಿಬಿಡುತ್ತದೆ.

ಇಂಗ್ಲಿಷ್ ಅಕ್ಷರಕ್ಕೆ ಇಷ್ಟು ಸಾಕು. ಕನ್ನಡಕ್ಕೆ ಸಾಲದು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯ ಹಳೆಯ ಫಾಂಟುಗಳಲ್ಲಿ ಅಕ್ಷರ ಇಡಿಯಾಗಿರುವುದಿಲ್ಲ. ‘ಮ’ ಆಗಬೇಕಾದರೆ ‘ವ’ದ ಒಡಲಿಗೆ ತಲೆಕಟ್ಟು, ಕೊಂಬು ಸೇರಬೇಕು. ನಮಗೆ ಮೂರಕ್ಷರವಾದ ‘ಬಾಗೂರು’ ಅಲ್ಲಿ ಎಂಟು ತುಂಡು: ಬ, ಇಳಿ, ಗ, ತಲೆಕಟ್ಟು, ಕೊಂಬಿನಿಳಿ, ರ, ತಲೆಕಟ್ಟು, ಕೊಂಬು. ಚಪ್ಪಟೆಯಾಗಿರುವಷ್ಟು ಹೊತ್ತು ಜೋಡಣೆ ಕಾಣದು. ದಪ್ಪ ಕೊಟ್ಟ ಕೂಡಲೇ ಒಂದರ ಗೋಡೆ ಇನ್ನೊಂದರೊಳಗೆ ತೂರಿ, ಬೆಸುಗೆ ಬಿಟ್ಟ ಗೇಟಿನಂತೆ ಅಕ್ಷರ ಬಾಯಿಬಿಡುತ್ತದೆ. ಅದಕ್ಕೇ ಕೈ ಪಳಗಿದವರು ಮೊದಲು ಅಕ್ಷರವನ್ನು ಕರ್ವ್ ಮಾಡಿ, ಅಂದರೆ ಬರಿಯ ಬಾಗುಗೆರೆಯಾಗಿಸಿ, ತುಂಡುಗಳಿಗೆ ವೆಲ್ಡ್ ಹೊಡೆದು, ಆಮೇಲೆ ಉಬ್ಬಿಸುತ್ತಾರೆ.

ಈ ಕರ್ವ್ ಕಥೆಯೂ ತಮಾಷೆಯದೇ. 1960ರ ದಶಕದಲ್ಲಿ ಫ್ರಾನ್ಸಿನ ರೆನೋ ಕಂಪನಿಯ ಎಂಜಿನಿಯರ್ ಪಿಯೆರ್ ಬೆಜಿಯೆ ಇದನ್ನು ಬಳಕೆಗೆ ತಂದದ್ದು ಕಾರಿನ ಮೈ ರೂಪಿಸಲು. ತಗಡಿನ ಉಬ್ಬುತಗ್ಗಿಗೆಂದು ಬಂದ ಗಣಿತ ಹಾಳೆಗಿಳಿದು ಚಪ್ಪಟೆಯಾಗಿ, ಈಗ ನಮ್ಮ ಕೊಂಬಿನಿಳಿಯಲ್ಲಿ ಮತ್ತೆ ಉಬ್ಬಲು ಹೆಣಗುತ್ತಿದೆ.

ಬೆಸೆದರೂ ಬೆಳಕಿನ ತಕರಾರು ಉಳಿಯುತ್ತದೆ. ಅಕ್ಷರಕ್ಕೆ ಎಡದಿಂದ, ಕಳಶಕ್ಕೆ ನೆತ್ತಿಯಿಂದ, ಮುಖಂಡರ ಫೋಟೊಗೆ ಬಲದಿಂದ ಬೆಳಕು ಬಿದ್ದರೆ ಒಂದೊಂದೂ ದುಂಡಗಿರುತ್ತದೆ, ಇಡೀ ಬ್ಯಾನರ್ ಮಾತ್ರ ಚಪ್ಪಟೆ. ಈ ವಿಷಯದಲ್ಲಿ ಬೋರ್ಡ್ ಬರೆಯುವ ಪೇಂಟರುಗಳೇ ಮೇಲು ಎಂದು ನನ್ನ ಎಣಿಕೆ. ಅಂಗಡಿಯ ಬೋರ್ಡಾಗಲಿ, ಲಾರಿಯ ಹಣೆಯಾಗಲಿ, ಬೆಳಕು ಎಡ ಮೇಲಿನಿಂದ ಎಂದು ಗೊತ್ತುಮಾಡಿಕೊಂಡರೆ ಕೊನೆಯ ಒತ್ತಕ್ಷರದವರೆಗೂ ನೆರಳು ಬಲಕ್ಕೇ, ಕೆಳಕ್ಕೇ. ಒತ್ತಿನ ಹೊಟ್ಟೆಯಲ್ಲಿ ಜಾಗ ಸಾಲದಿದ್ದರೆ ನೆರಳನ್ನು ಅಲ್ಲಿ ತೆಳ್ಳಗೆ ಮಾಡಿಬಿಡುವ ವಿವೇಕ ಆ ಕುಂಚಕ್ಕಿದೆ. ಎಕ್ಸ್‌ಟ್ರೂಡ್ ಎಲ್ಲಕ್ಕೂ ಒಂದೇ ಆಳ ಕೊಟ್ಟು ಆ ಹೊಟ್ಟೆಯನ್ನೇ ಮುಚ್ಚುತ್ತದೆ.

ಅಂಥ ವಿವೇಕದವರು ಡಿಟಿಪಿಯಲ್ಲೂ ಇದ್ದಾರೆ. ಉಬ್ಬಿಸಿದ ಮೇಲೆ ಗೋಡೆಗಳನ್ನು ಬಿಡಿಸಿಕೊಂಡು ಒತ್ತುಗಳಿಗೆ ಬೇರೆಯದೇ ಅಳತೆ ಕೂರಿಸುತ್ತಾರೆ. ಗಿರಾಕಿ ದುಡ್ಡು ಕೊಡುವುದು ಮಾತ್ರ ಚದರಡಿ ಲೆಕ್ಕದಲ್ಲಿ.