ಬೋಳು ಗಿಡದೊಳಗಿನ ಹಸಿರು



ಸಂಕ್ರಾಂತಿಗೆ ಸೊಲ್ಲಾಪುರದ ಸಿದ್ಧರಾಮೇಶ್ವರರ ಜಾತ್ರೆಗೆ ಹೋಗಿ ಬರುವವರು ನಮ್ಮಲ್ಲಿ ಬಹಳ. ಏಳು ನಂದಿಧ್ವಜಗಳನ್ನು ಕಣ್ತುಂಬ ನೋಡುತ್ತೀರಿ. ಬರುವ ದಾರಿಯಲ್ಲಿ ಎಲೆ ಕಳಚಿ ನಿಂತ ಗಿಡಗಳನ್ನು ಮಾತ್ರ ಯಾರೂ ನೋಡುವುದಿಲ್ಲ. ಬೋಳು ಗಿಡದಲ್ಲಿ ನೋಡುವುದೇನಿದೆ ಎಂಬ ಭಾವನೆ. ಆದರೆ ಕೊಂಬೆಯ ನಿಜವಾದ ಆಕಾರ ಕಾಣುವುದು ಆಗಲೇ. ಎಲ್ಲಿ ಬಾಗಿದೆ, ಎಲ್ಲಿ ಗಾಯವಾಗಿ ಮಾಯ್ದಿದೆ, ಎಲ್ಲಿ ಹಕ್ಕಿ ಗೂಡು ಕಟ್ಟಿತ್ತು, ಎಲ್ಲವೂ ಆಗ ಬಯಲು.

ಒಂದು ವರ್ಷ ಜಾತ್ರೆ ಮುಗಿಸಿ ಮಂಗಳವೇಢೆ ದಾಟಿ ಜತ್ತದ ಕಡೆಗೆ ಹೊರಟಿದ್ದೆವು. ಜತ್ತದ ಒಬ್ಬ ಅರಿವೆ ವ್ಯಾಪಾರಿ ನಮ್ಮ ಸಂಗಡ ಇದ್ದರು. ನಡುವೆ ಭಕ್ತರೊಬ್ಬರ ದಾಳಿಂಬರಿ ತೋಟದಲ್ಲಿ ಇಳಿದೆವು. ಇಡೀ ತೋಟ ಬೋಳು. ಒಂದೆಲೆಯೂ ಇಲ್ಲ, ಮುಳ್ಳು ಮತ್ತು ಕಡ್ಡಿ.

"ಎಲ್ಲಾ ಒಣಗಿ ಹೋಗ್ಯಾವಲ್ರೀ ಅಪ್ಪಾರ" ಎಂದು ವ್ಯಾಪಾರಿಗಳು ಮರುಗಿದರು.

ರೈತ ನಕ್ಕ. ಒಂದು ರೆಂಬೆ ಹಿಡಿದು ಉಗುರಿನಿಂದ ತೊಗಟೆ ಕೆರೆದ. ಒಳಗೆ ಹಸಿ ಹಸಿರು. "ಸತ್ತಿಲ್ರೀ ಸಾವಕಾರ್ರ, ಬಹಾರಕ್ಕ ಬಿಟ್ಟೇನಿ."

ಒಕ್ಕಲುತನದವರಿಗೆ ಇದು ಗೊತ್ತಿದ್ದ ಮಾತೇ. ಅಂಬೆ ಬಹಾರ ಹಿಡಿಯುವವರು ನೀರು ನಿಲ್ಲಿಸಿ ಗಿಡವನ್ನು ತಾಣಕ್ಕೆ ಬಿಡುತ್ತಾರೆ. ಹಗುರ ಮಣ್ಣಿಗೆ ಒಂದು ತಿಂಗಳು ಸಾಕು, ಕರಿ ಮಣ್ಣಿಗೆ ಇನ್ನಷ್ಟು ದಿನ. ಎಲೆ ಹಳದಿಯಾಗುತ್ತದೆ, ಉದುರುತ್ತದೆ. ಉದುರುವ ಮುಂಚೆ ಎಲೆಯೊಳಗಿನ ಸತ್ವದಲ್ಲಿ ಬಹುಪಾಲನ್ನು ಗಿಡ ತನ್ನ ಮೈಗೆ ಎಳೆದುಕೊಂಡಿರುತ್ತದೆ. ಎಲೆ ಬಿಟ್ಟ ಜಾಗವನ್ನು ತಾನೇ ಮುಚ್ಚುತ್ತದೆ. ಇದ್ದಷ್ಟು ನೀರು ಹೊರಗೆ ಆರಿ ಹೋಗದಂತೆ ಕಾಯುತ್ತದೆ. ಹೊರಗಿನವರಿಗೆ ಅದು ದಿವಾಳಿ. ಗಿಡಕ್ಕೆ ಅದು ಲೆಕ್ಕ. ಬರದ ವರ್ಷದಲ್ಲೂ ಸಾಲ ಮಾಡಿ ಐದು ಊರಿಗೆ ಊಟ ಹಾಕಿ ಮದುವೆ ಮಾಡುವ ನಮಗೆ ಈ ಲೆಕ್ಕ ಬರುವುದಿಲ್ಲ. ನಾಲ್ಕು ಜನ ನೋಡುತ್ತಾರೆಂದು ಎಲೆ ಹಿಡಿದುಕೊಂಡೇ ಬೇರು ಒಣಗಿಸಿಕೊಳ್ಳುತ್ತೇವೆ.

ಮುತ್ತಲ ಗಿಡವನ್ನೇ ನೋಡಿರಿ. ಎಲೆಯೆಲ್ಲ ಹೋದ ಮೇಲೆ ಬರಿಯ ಕೊಂಬೆಯ ತುಂಬ ಕೆಂಡದಂಥ ಹೂ. ಎಲೆಯ ಮರೆ ಇಲ್ಲದ್ದರಿಂದಲೇ ಹಕ್ಕಿಗಳಿಗೆ ಅದು ದೂರದಿಂದ ಕಾಣುತ್ತದೆ.

ಇಷ್ಟು ಹೇಳಿದೆವೆಂದು ಕಷ್ಟವೇ ಒಳ್ಳೆಯದು, ಬಡವ ಬಡವನಾಗಿಯೇ ಇರಲಿ ಎಂದು ತಿಳಿಯಬೇಡಿರಿ. ಆ ರೈತನೇ ಹೇಳಿದ: ಎಳೆಯ ಗಿಡಕ್ಕೆ ತಾಣ ಕೊಡಬಾರದು, ಸೊರಗಿದ ಗಿಡಕ್ಕೂ ಕೊಡಬಾರದು. ವರ್ಷವಿಡೀ ಗೊಬ್ಬರ ಉಂಡ ಗಿಡ ಮಾತ್ರ ತಾಳುತ್ತದೆ. ಹೊಟ್ಟೆಗಿಲ್ಲದವನಿಗೆ ತಾಳ್ಮೆಯ ಉಪದೇಶ ಮಾಡುವುದು ಸುಲಭ. ಅದು ದಾಸೋಹವಲ್ಲ.

ವ್ಯಾಪಾರಿಗಳು ಮಾತು ನಿಲ್ಲಿಸಿದ್ದರು. ಬಹಳ ಹೊತ್ತಿನ ಮೇಲೆ ತಾವಾಗಿಯೇ ಬಾಯಿ ಬಿಟ್ಟರು. ಬೇರೆಯಾಗಿ ಅಂಗಡಿ ಇಟ್ಟ ತಮ್ಮ ಎರಡು ವರ್ಷದ ಹಿಂದೆ ನಷ್ಟಕ್ಕೆ ಬಿದ್ದಿದ್ದ. ಉದ್ರಿ ಮಾಲು ಕೇಳಲು ಬಂದಾಗ, "ಒಣಗಿದ ಗಿಡಕ್ಕ ಯಾರು ನೀರು ಹಾಕ್ತಾರ" ಎಂದು ನಾಲ್ಕು ಗಿರಾಕಿಗಳ ಎದುರು ಇವರು ಅಂದಿದ್ದರಂತೆ. ಅಂದಿನಿಂದ ತಮ್ಮ ಇವರ ಓಣಿಯಲ್ಲಿ ಕಾಲಿಟ್ಟಿಲ್ಲ.

"ಉಗುರು ಹಚ್ಚಿ ನೋಡಿದ್ರೇನು?" ಎಂದು ನಾವು ಕೇಳಿದೆವು. ಉತ್ತರ ಬರಲಿಲ್ಲ.

ಹೊರಡುವಾಗ ಅವರು ರೈತನನ್ನು ಒಂದೇ ಮಾತು ಕೇಳಿದರು: "ನೀರು ಬಿಡೂಮುಂದ ಎಷ್ಟು ಬಿಡ್ತೀ?"

"ಮೊದಲನೇದು ಹಗೂರಕ್ಕ ಬಿಡಬೇಕ್ರೀ. ಒಮ್ಮೆಲೇ ತುಂಬಿಸಿದ್ರ ಬಂದ ಹೂವು ಉದುರ್ತಾವ. ಆಮ್ಯಾಲ ದಿನಾ ನೋಡಿ ನೋಡಿ ಹೆಚ್ಚಿಸಬೇಕು."

ಜತ್ತ ಸೇರುವಾಗ ದೀಪ ಹಚ್ಚುವ ಹೊತ್ತು. ತಮ್ಮ ಅಂಗಡಿಯ ಮುಂದೆ ಗಾಡಿ ನಿಲ್ಲಿಸಲು ಹೋದ ಚಾಲಕನ ಭುಜ ಮುಟ್ಟಿ, ಇನ್ನೊಂದು ಓಣಿಯ ಕಡೆಗೆ ಕೈ ತೋರಿಸಿದರು.